ಸರ್, ನೀವು ಯಾವ ಹೆಸರಲ್ಲಿ ಬಂದಿದೀರಿ?

ರಾತ್ರಿ ಹತ್ತೂಮುಕ್ಕಾಲಿಗೆ ಹುಬ್ಬಳ್ಳಿಯಿಂದ ಫೋನು. "ಇಲ್ನೋಡವಾ, ಇದು ಓಪನ್ ಆಗವಲ್ದು. ಪರ್ಮಿಷನ್ ಕೇಳ್ರಿ ಅಂತ ಬರಾಕತ್ತೇತಿ."

ನಮ್ಮ ಕಂಪನಿಯ ಲೆಕ್ಕ ನೋಡುವ ಆಡಿಟರ್ ಸರ್. ಅರವತ್ತು ದಾಟಿದವರು, ಕಂಪನಿಯವರಲ್ಲ, ಹೊರಗಿನವರು. ನಾನು ಕಳಿಸಿದ್ದ ಫೈಲಿನಲ್ಲಿ ಇನ್ನೂರಕ್ಕೂ ಹೆಚ್ಚು ಗುತ್ತಿಗೆ ಕೆಲಸಗಾರರ ಹೆಸರು, ಫೋನ್ ನಂಬರು, ಬ್ಯಾಂಕ್ ಖಾತೆ, ಬಾಕಿ ಮೊತ್ತ ಎಲ್ಲ ಇತ್ತು. ಬೆಳಿಗ್ಗೆಯೊಳಗೆ ಅವರು ನೋಡಿ 'ಸರಿ ಇದೆ' ಅಂದರೆ ಗೌರಿ ಹಬ್ಬಕ್ಕೆ ಮೊದಲೇ ಆ ದುಡ್ಡು ಖಾತೆಗೆ ಹೋಗುತ್ತೆ. ಇಲ್ಲಾಂದ್ರೆ ಹಬ್ಬ ಮುಗಿದ ಮೇಲೆ.

ಇನ್ನೊಂದು ಸಲ ಕಳಿಸಿದೆ. ಆಗಲಿಲ್ಲ. "ರಿಕ್ವೆಸ್ಟ್ ಆಕ್ಸೆಸ್ ಅಂತಿದೆಯಲ್ಲ, ಅದನ್ನು ಒತ್ತಿ ಸರ್" ಅಂದೆ. ಒತ್ತಿದರು. ನನಗೆ ಏನೂ ಬರಲಿಲ್ಲ. ಆ ಫೈಲನ್ನು ಮೊದಲು ಮಾಡಿದವನು ಕೆಲಸ ಬಿಟ್ಟು ಎರಡು ತಿಂಗಳಾಗಿತ್ತು. ಕೋರಿಕೆ ಅವನ ಹೆಸರಿಗೆ ಹೋಗಿ ಕೂತಿತ್ತು ಅನ್ನೋದು ಆಮೇಲೆ ಗೊತ್ತಾಯ್ತು. ಹನ್ನೊಂದೂವರೆ ಆಯ್ತು. ಆಗ ನಾನು, ಬಹುಶಃ ನೀವೂ ಒಂದಲ್ಲ ಒಂದು ದಿನ ಮಾಡಿರುವ ಕೆಲಸ ಮಾಡಿದೆ. ಸೆಟ್ಟಿಂಗ್ಸ್‌ಗೆ ಹೋಗಿ 'ಲಿಂಕ್ ಇರುವ ಯಾರು ಬೇಕಾದರೂ ನೋಡಬಹುದು' ಅಂತ ಬದಲಾಯಿಸಿದೆ.

"ಹಾಂ, ಈಗ ಬಂತ್ ನೋಡವಾ" ಅಂದರು ಸರ್. ನಾನು ಮಲಗಿದೆ.

ಏಳು ತಿಂಗಳು ಕಳೆದು, ಮಾರ್ಚ್ ಕೊನೆಯ ಗಡಿಬಿಡಿಯಲ್ಲಿ ಹಳೇ ಫೋಲ್ಡರ್ ತೆಗೆದಾಗ ನೋಡ್ತೀನಿ, ಬಾಗಿಲು ಇನ್ನೂ ತೆರೆದೇ ಇದೆ. ಇನ್ನೂರು ಜನರ ಬ್ಯಾಂಕ್ ಖಾತೆ, ಏಳು ತಿಂಗಳು, ಲಿಂಕ್ ಸಿಕ್ಕವರಿಗೆಲ್ಲ. ಹೊಟ್ಟೆಯಲ್ಲಿ ತಣ್ಣಗಾಯ್ತು.

ಆ ದಿನದಿಂದ ಒಂದು ಪ್ರಶ್ನೆ ತಲೆಯಲ್ಲಿ ಕೂತಿದೆ. ಒಬ್ಬ ಹೊರಗಿನವರಿಗೆ ಒಂದು ಫೈಲು ತೋರಿಸೋದು ಯಾಕೆ ಇಷ್ಟು ಕಷ್ಟ? ಓದ್ತಾ ಹೋದೆ. ಇದು ಈ ಹತ್ತು ವರ್ಷದ ತಾಪತ್ರಯ ಅಲ್ಲ, ಅರವತ್ತು ವರ್ಷಗಳಿಂದ ನಡೆದು ಬಂದಿರೋ ಜಗಳ ಅಂತ ಗೊತ್ತಾಯ್ತು.

ಕಥೆ ಶುರುವಾಗೋದು ಅಮೆರಿಕದ ಎಂಐಟಿಯಲ್ಲಿ. ಆಗ ಕಂಪ್ಯೂಟರ್ ಅಂದರೆ ಒಂದು ಕೋಣೆ ತುಂಬುವ ಯಂತ್ರ, ಒಂದು ಸಲಕ್ಕೆ ಒಬ್ಬರ ಕೆಲಸ. 1961ರ ನವೆಂಬರ್‌ನಲ್ಲಿ ಫರ್ನಾಂಡೊ ಕೊರ್ಬಟೊ ಅವರ ತಂಡ ಸಿಟಿಎಸ್‌ಎಸ್ ಅನ್ನುವ ವ್ಯವಸ್ಥೆಯನ್ನು ತೋರಿಸಿತು. ಒಂದೇ ಯಂತ್ರವನ್ನು ಹಲವರು ಒಟ್ಟಿಗೆ ಬಳಸಬಹುದು, ಪ್ರತಿಯೊಬ್ಬರಿಗೂ ತಮ್ಮದೇ ಫೈಲುಗಳು. ಅಂದಮೇಲೆ 'ಇದು ಯಾರದ್ದು' ಅನ್ನುವ ಪ್ರಶ್ನೆ ಬಂತು. ಉತ್ತರವಾಗಿ ಪಾಸ್‌ವರ್ಡ್ ಬಂತು.

ಪಾಸ್‌ವರ್ಡ್ ಬಂದ ಮರುವರ್ಷವೇ ಅದು ಸೋತಿತು ಕೂಡ. 1962ರಲ್ಲಿ ಅಲನ್ ಶೆರ್ ಅನ್ನುವ ಸಂಶೋಧನಾ ವಿದ್ಯಾರ್ಥಿ, ತನಗೆ ಹಂಚಿದ್ದ ಕಂಪ್ಯೂಟರ್ ಗಂಟೆಗಳು ಸಾಲದೆ, ಪಾಸ್‌ವರ್ಡ್ ಪಟ್ಟಿಯನ್ನೇ ಪ್ರಿಂಟ್ ಹಾಕಿಸಿಕೊಂಡ. 1966ರಲ್ಲಿ ಇನ್ನೂ ತಮಾಷೆ. ಒಬ್ಬರು ಅಂದಿನ ಸೂಚನೆಯ ಫೈಲು ತಿದ್ದುತ್ತಿದ್ದರು, ಇನ್ನೊಬ್ಬರು ಪಾಸ್‌ವರ್ಡ್ ಫೈಲು ತಿದ್ದುತ್ತಿದ್ದರು. ಎಡಿಟರ್ ಎರಡಕ್ಕೂ ಒಂದೇ ಹೆಸರಿನ ತಾತ್ಕಾಲಿಕ ಫೈಲು ಬಳಸುತ್ತಿತ್ತು. ಎರಡೂ ಅದಲುಬದಲಾಗಿ, ಲಾಗಿನ್ ಆದವರಿಗೆಲ್ಲ 'ಇಂದಿನ ಸೂಚನೆ' ಜಾಗದಲ್ಲಿ ಎಲ್ಲರ ಪಾಸ್‌ವರ್ಡ್ ಕಾಣಿಸಿತು. ಇದನ್ನು ಕೊರ್ಬಟೊ ಅವರೇ ತಮ್ಮ ಟ್ಯೂರಿಂಗ್ ಪ್ರಶಸ್ತಿ ಭಾಷಣದಲ್ಲಿ ಹೇಳಿಕೊಂಡಿದ್ದಾರೆ. ಯಾರೂ ಕಳ್ಳರಲ್ಲ, ಯಾರಿಗೂ ಕೆಟ್ಟ ಉದ್ದೇಶವಿಲ್ಲ, ಇಬ್ಬರು ತಮ್ಮ ಪಾಡಿಗೆ ಕೆಲಸ ಮಾಡ್ತಿದ್ದರು ಅಷ್ಟೇ. ಓದಿದಾಗ ನನಗೆ ಸ್ವಲ್ಪ ಸಮಾಧಾನವಾಯ್ತು ಅಂತ ಒಪ್ಪಿಕೊಳ್ತೀನಿ.

ಅದೇ ಎಂಐಟಿಯ ಸುತ್ತಮುತ್ತ, ಅದೇ ಸುಮಾರಿಗೆ ಎರಡು ಬೇರೆ ಬೇರೆ ಉತ್ತರ ಹುಟ್ಟಿದವು. ಇವತ್ತಿಗೂ ನಿಮ್ಮ ಶೇರ್ ಬಟನ್ ಹಿಂದೆ ಇರೋದು ಇವೆರಡೇ.

ಮೊದಲನೆಯದು ಪಟ್ಟಿ. ಸಿಟಿಎಸ್‌ಎಸ್ ನಂತರ ಬಂದ ಮಲ್ಟಿಕ್ಸ್ ಯೋಜನೆಗಾಗಿ ಡೇಲಿ ಮತ್ತು ನ್ಯೂಮನ್ 1965ರಲ್ಲಿ ಒಂದು ಪ್ರಬಂಧ ಬರೆದರು. ಪ್ರತಿ ಫೈಲಿಗೂ ಒಂದು ಪಟ್ಟಿ ಅಂಟಿಕೊಂಡಿರಲಿ. ಯಾರ ಹೆಸರು ಇದೆ, ಅವರು ಓದಬಹುದೋ ತಿದ್ದಬಹುದೋ ಅಂತ ಅದರಲ್ಲಿರಲಿ ಅನ್ನೋದು ಅದರ ಸಾರ. ಎರಡನೆಯದು ಕೀಲಿ. 1966ರಲ್ಲಿ ಜ್ಯಾಕ್ ಡೆನಿಸ್ ಮತ್ತು ಅರ್ಲ್ ವ್ಯಾನ್ ಹಾರ್ನ್ ಬರೆದ ಪ್ರಬಂಧದಲ್ಲಿ 'ಕೇಪಬಿಲಿಟಿ' ಅನ್ನೋ ಮಾತು ಬರುತ್ತೆ. ನೀನು ಯಾರು ಅಂತ ಕೇಳೋದೇ ಬೇಡ, ನಿನ್ನ ಹತ್ತಿರ ಏನಿದೆ ಅಂತ ನೋಡಿದರೆ ಸಾಕು. ಕೀಲಿ ಇದ್ದರೆ ಬಾಗಿಲು ತೆರೆಯುತ್ತೆ.

ರೈಲಿನ ರಿಸರ್ವೇಷನ್ ಬೋಗಿ ನೆನಪು ಮಾಡ್ಕೊಳ್ಳಿ. ಟಿಸಿ ಕೈಯಲ್ಲಿ ಚಾರ್ಟು. ನಿಮ್ಮ ಹೆಸರು ಅದರಲ್ಲಿರಬೇಕು, ಆ ಹೆಸರಿನ ಗುರುತಿನ ಚೀಟಿ ನಿಮ್ಮ ಹತ್ತಿರ ಇರಬೇಕು. ಅದು ಪಟ್ಟಿ. ಈಗ ಬಿಎಂಟಿಸಿ ಬಸ್ಸು. ಕಂಡಕ್ಟರ್ ನಿಮ್ಮ ಹೆಸರು ಕೇಳಲ್ಲ, ಟಿಕೆಟ್ ಇದ್ದರೆ ಆಯ್ತು. ಅದು ಕೀಲಿ. ಎರಡೂ ಸರಿಯೇ. ಆದರೆ ಚಾರ್ಟಿನಲ್ಲಿ ಹೆಸರಿದ್ದೂ ಗುರುತಿನ ಚೀಟಿ ಬೇರೆಯವರದ್ದಾದರೆ ಒಳಗೆ ಬಿಡಲ್ಲ. ಟಿಕೆಟ್ಟನ್ನು ಬೇರೆಯವರ ಕೈಗೆ ಕೊಟ್ಟರೆ ಅವರೂ ಕೂತು ಹೋಗ್ತಾರೆ. 'ನಿರ್ದಿಷ್ಟ ವ್ಯಕ್ತಿಗಳು' ಅನ್ನುವ ಆಯ್ಕೆ ಚಾರ್ಟು. 'ಲಿಂಕ್ ಇರುವ ಯಾರು ಬೇಕಾದರೂ' ಅನ್ನುವುದು ಟಿಕೆಟ್ಟು. ನಾನು ಆ ರಾತ್ರಿ ಮಾಡಿದ್ದು ಇಷ್ಟೇ: ಚಾರ್ಟ್ ಯಾಕೆ ಕೆಲಸ ಮಾಡಲಿಲ್ಲ ಅಂತ ನೋಡದೆ, ಇನ್ನೂರು ಜನರ ದುಡ್ಡಿನ ಲೆಕ್ಕಕ್ಕೆ ಬಸ್ ಟಿಕೆಟ್ ಹರಿದು ಕೊಟ್ಟೆ.

ಇಲ್ಲಿಯವರೆಗೆ 'ಹೊರಗಿನವರು' ಅನ್ನೋರು ಕಥೆಯಲ್ಲಿ ಬಂದೇ ಇಲ್ಲ, ಗಮನಿಸಿ. ಎಲ್ಲರೂ ಒಂದೇ ಯಂತ್ರದ ಬಳಕೆದಾರರು, ಎಲ್ಲರ ಹೆಸರೂ ಒಂದೇ ಕಡೆ. ಯಂತ್ರಗಳು ಒಂದಕ್ಕೊಂದು ಮಾತಾಡೋಕೆ ಶುರುಮಾಡಿದ ಮೇಲೆ ಹೊರಗಿನವರು ಬಂದರು. 1971ರ ಏಪ್ರಿಲ್‌ನಲ್ಲಿ ಫೈಲುಗಳನ್ನು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಾಗಿಸುವ ಎಫ್‌ಟಿಪಿ ನಿಯಮಾವಳಿಯ ಮೊದಲ ಕರಡು ಬಂತು. ಬರೆದವರು ಅಭಯ್ ಭೂಷಣ್, ಐಐಟಿ ಕಾನ್ಪುರದ ಮೊದಲ ತಂಡದಲ್ಲಿ ಓದಿ ಎಂಐಟಿಗೆ ಹೋದವರು. ನಾವು ದಿನಾ ಮಾಡುವ ಕೆಲಸದ ಬುಡದಲ್ಲಿ ನಮ್ಮ ದೇಶದವರೊಬ್ಬರ ಹೆಸರಿದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಎಫ್‌ಟಿಪಿಯಲ್ಲೂ ಹೆಸರು, ಪಾಸ್‌ವರ್ಡ್ ಬೇಕು. ಆದರೆ ಬೇರೆ ಊರಿನ ಅಪರಿಚಿತರಿಗೆಲ್ಲ ಒಂದೊಂದು ಖಾತೆ ತೆರೆದು ಕೊಡೋದು ಹೇಗೆ? ಅದಕ್ಕೆ ಒಂದು ರೂಢಿ ಬಂತು. ಹೆಸರಿನ ಜಾಗದಲ್ಲಿ 'ಅನಾನಿಮಸ್' ಅಂತ ಹಾಕಿ, ಪಾಸ್‌ವರ್ಡ್ ಜಾಗದಲ್ಲಿ 'ಗೆಸ್ಟ್' ಅಂತಲೋ ನಿಮ್ಮ ಇಮೇಲ್ ವಿಳಾಸವೋ ಹಾಕಿ. ಅದು ನಿಮ್ಮದೇನಾ ಅಂತ ಸಾಮಾನ್ಯವಾಗಿ ಯಾರೂ ಪರೀಕ್ಷೆ ಮಾಡ್ತಿರಲಿಲ್ಲ, ಮರ್ಯಾದೆಗೆ ಕೇಳ್ತಿದ್ದರು ಅಷ್ಟೇ. ಎಲ್ಲರಿಗೂ ಹಂಚೋದಕ್ಕೇ ಇಟ್ಟ ಫೈಲುಗಳಿಗೆ ಇದು ಚೆನ್ನಾಗಿ ನಡೀತು. ಸಂಬಳದ ಪಟ್ಟಿಗೆ ನಡೆಯಲ್ಲ.

ಆಮೇಲೆ ಇಮೇಲ್ ಅಟ್ಯಾಚ್‌ಮೆಂಟ್. ನಥಾನಿಯೆಲ್ ಬೊರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಸೇರಿ ರೂಪಿಸಿದ ಮೈಮ್ ಅನ್ನುವ ಮಾನದಂಡ 1992ರಲ್ಲಿ ಬಂತು. ಇದು ಇಡೀ ಜಗಳವನ್ನೇ ಪಕ್ಕಕ್ಕಿಟ್ಟಿತು. ಹೊರಗಿನವರು ನಮ್ಮ ಮನೆಗೆ ಬರೋದು ಬೇಡ, ನಾವೇ ಒಂದು ನಕಲು ಮಾಡಿ ಅವರ ಮನೆಗೆ ಕಳಿಸೋಣ. ಅನುಮತಿಯ ಮಾತೇ ಇಲ್ಲ. ಬದಲಿಗೆ 'ಫೈನಲ್', 'ಫೈನಲ್ 2', 'ಫೈನಲ್ ನಿಜವಾದ್ದು' ಶುರುವಾಯ್ತು. ಕಳಿಸಿದ ಮೇಲೆ ವಾಪಸ್ ಪಡೆಯೋ ದಾರಿಯೂ ಇಲ್ಲ.

ಕ್ಲೌಡ್ ಬಂದಿದ್ದು ಇದಕ್ಕೆ ಮದ್ದಾಗಿ. ಬಾಸ್ಟನ್‌ನಿಂದ ನ್ಯೂಯಾರ್ಕಿಗೆ ಬಸ್ಸಿನಲ್ಲಿ ಹೊರಟ ಡ್ರೂ ಹೂಸ್ಟನ್ ಪೆನ್‌ಡ್ರೈವ್ ಮರೆತು ಬಂದಿದ್ದರಿಂದ ಡ್ರಾಪ್‌ಬಾಕ್ಸ್ ಯೋಚನೆ ಹೊಳೆಯಿತು ಅಂತ ಅವರೇ ಹೇಳ್ತಾರೆ. ಕಂಪನಿ ಶುರುವಾಗಿದ್ದು 2007ರಲ್ಲಿ. ಗೂಗಲ್ ಡ್ರೈವ್ ಬಂದಿದ್ದು 2012ರ ಏಪ್ರಿಲ್‌ನಲ್ಲಿ. ಫೈಲು ಒಂದೇ ಕಡೆ ಇರುತ್ತೆ, ಬೇಕಾದವರು ಅಲ್ಲಿಗೇ ಬರ್ತಾರೆ. ಅಲ್ಲಿಗೆ ಹಳೇ ಜಗಳ ವಾಪಸ್ ಬಂತು: ಬಾಗಿಲಲ್ಲಿ ಪಟ್ಟಿ ಇಡೋದೋ, ಕೀಲಿ ಕೊಡೋದೋ?

ಕೀಲಿ ಹೇಗೆ ಕೈಜಾರುತ್ತೆ ಅನ್ನೋದಕ್ಕೆ 2014ರ ಮೇ ತಿಂಗಳಲ್ಲಿ ಡ್ರಾಪ್‌ಬಾಕ್ಸ್ ಒಪ್ಪಿಕೊಂಡ ದೋಷ ನೋಡಿ. ಹಂಚಿದ ದಾಖಲೆಯೊಳಗೆ ಬೇರೊಂದು ವೆಬ್‌ಸೈಟಿನ ಕೊಂಡಿ ಇದ್ದು, ಓದುವವರು ಅದನ್ನು ಒತ್ತಿದರೆ, 'ನಾನು ಎಲ್ಲಿಂದ ಬಂದೆ' ಅಂತ ಬ್ರೌಸರ್ ಆ ವೆಬ್‌ಸೈಟಿಗೆ ಹೇಳುತ್ತೆ. ಹಾಗೆ ಹೇಳುವಾಗ ದಾಖಲೆಯ ಗುಟ್ಟಿನ ಲಿಂಕ್ ಕೂಡ ಹೋಗ್ತಿತ್ತು. ಲಿಂಕನ್ನು ವಿಳಾಸದ ಪಟ್ಟಿಗೆ ಹಾಕೋ ಬದಲು ಸರ್ಚ್ ಪೆಟ್ಟಿಗೆಗೆ ಹಾಕಿದವರೂ ಇದ್ದರು. ಅವರ ಲಿಂಕುಗಳೂ ಹೊರಗೆ ಹೋದವು. ಇಲ್ಲೂ ಬೀಗ ಒಡೆದವರು ಯಾರೂ ಇಲ್ಲ. ಕೀಲಿ ತಾನಾಗಿ ರಸ್ತೆಗೆ ಬಿತ್ತು.

2021ರ ಸೆಪ್ಟೆಂಬರ್ 13ರಂದು ಗೂಗಲ್ ಡ್ರೈವ್ ಕೆಲವು ಹಳೇ ಫೈಲುಗಳ ಲಿಂಕುಗಳಿಗೆ ಇನ್ನೊಂದು ಗುಟ್ಟಿನ ತುಣುಕು ಸೇರಿಸಿತು. ಮೊದಲೇ ತೆರೆದು ನೋಡಿದ್ದವರಿಗೆ ತೊಂದರೆ ಇಲ್ಲ. ಹಳೇ ಲಿಂಕ್ ಹಿಡಿದು ಹೊಸದಾಗಿ ಬಂದವರಿಗೆ ಮಾತ್ರ 'ಅನುಮತಿ ಕೇಳಿ'. "ನಂಗೆ ಓಪನ್ ಆಗುತ್ತಲ್ಲಾ, ನಿಮಗ್ಯಾಕೆ ಆಗಲ್ಲ?" ಅಂತ ಕಾಲ್‌ನಲ್ಲಿ ಕಿತ್ತಾಡಿದ್ದರೆ, ಒಂದು ಕಾರಣ ಇದೂ ಇರಬಹುದು.

ಈಗ ಹುಬ್ಬಳ್ಳಿಗೆ ವಾಪಸ್ ಹೋಗೋಣ. ಈ ಇತಿಹಾಸ ಗೊತ್ತಿದ್ದಿದ್ದರೆ ಆ ರಾತ್ರಿ ನಾನು ನಾಲ್ಕೇ ಪ್ರಶ್ನೆ ಕೇಳ್ತಿದ್ದೆ.

ಒಂದು, ಬಂದವರು ಯಾವ ಹೆಸರಲ್ಲಿ ಬಂದಿದ್ದಾರೆ? ಒಂದೇ ಬ್ರೌಸರ್‌ನಲ್ಲಿ ಎರಡು ಮೂರು ಖಾತೆ ಇದ್ದರೆ, ನೀವು ಕರೆದ ಹೆಸರಿಗೂ ಅವರು ಒಳಗೆ ಬಂದ ಹೆಸರಿಗೂ ಸಂಬಂಧವೇ ಇರಲ್ಲ. ಬ್ರೌಸರ್‌ನ ಖಾಸಗಿ ಕಿಟಕಿ ತೆರೆದು, ಕರೆದ ಐಡಿಯಿಂದಲೇ ಲಾಗಿನ್ ಆಗಿ ನೋಡಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತೆ. ಎರಡು, ಪಟ್ಟಿಯಲ್ಲಿ ಆ ಹೆಸರು ಅಕ್ಷರ ತಪ್ಪದೆ ಇದೆಯಾ, ನಾನು ಕಳಿಸಿದ್ದು ಸಹೋದ್ಯೋಗಿಗಳಿಗೆ ಮಾತ್ರ ತೆರೆಯುವ ಲಿಂಕಾ? ಮೂರು, ಕಂಪನಿಯ ಹೆಬ್ಬಾಗಿಲು ಹೊರಗಿನವರನ್ನು ಬಿಡುತ್ತಾ? ಉದಾಹರಣೆಗೆ ಶೇರ್‌ಪಾಯಿಂಟ್‌ನಲ್ಲಿ ಇದಕ್ಕೆ ನಾಲ್ಕು ಹಂತ: ಯಾರು ಬೇಕಾದರೂ, ಹೊಸ ಮತ್ತು ಹಳೇ ಅತಿಥಿಗಳು, ಈಗಾಗಲೇ ಇರುವ ಅತಿಥಿಗಳು ಮಾತ್ರ, ಒಳಗಿನವರು ಮಾತ್ರ. ಇಡೀ ಸಂಸ್ಥೆಗೆ ಇಟ್ಟ ಹಂತಕ್ಕಿಂತ ಒಂದು ಸೈಟು ಹೆಚ್ಚು ಸಡಿಲ ಆಗೋಕೆ ಆಗಲ್ಲ. ಹೆಬ್ಬಾಗಿಲು ಮುಚ್ಚಿದ್ದರೆ ನೀವು ಹತ್ತು ಸಲ ಶೇರ್ ಮಾಡಿದರೂ ಅಷ್ಟೇ, ಐಟಿಯವರಿಗೆ ಫೋನ್ ಮಾಡಿ. ನಾಲ್ಕು, ಲಿಂಕ್ ಹಳೇದಾ, ಅವಧಿ ಮುಗಿದಿದೆಯಾ, ಫೈಲಿನ ಯಜಮಾನ ಇನ್ನೂ ಕಂಪನಿಯಲ್ಲಿದ್ದಾನಾ?

ಸರ್ ವಿಷಯದಲ್ಲಿ ಉತ್ತರ ಒಂದನೇ ಪ್ರಶ್ನೆಯಲ್ಲೇ ಇತ್ತು. ನಾನು ಕರೆದಿದ್ದು ಅವರ ಆಫೀಸ್ ಐಡಿಯನ್ನು. ಅವರು ಫೋನಿನಲ್ಲಿ ಒಳಗೆ ಬರ್ತಿದ್ದಿದ್ದು ಮಗಳ ಐಡಿಯಿಂದ. ಫೋನು ಅವಳು ಕೊಡಿಸಿದ್ದು, ಸೆಟ್ ಮಾಡಿಕೊಟ್ಟಿದ್ದೂ ಅವಳೇ. ಚಾರ್ಟಿನಲ್ಲಿ ಅಪ್ಪನ ಹೆಸರು, ಕೈಯಲ್ಲಿ ಮಗಳ ಗುರುತಿನ ಚೀಟಿ. ಪಟ್ಟಿ ತನ್ನ ಕೆಲಸವನ್ನು ಸರಿಯಾಗೇ ಮಾಡ್ತಿತ್ತು. ಕೆಟ್ಟಿದೆ ಅಂತ ಅಂದುಕೊಂಡವಳು ನಾನು.

ಮಾರ್ಚ್‌ನ ಆ ದಿನ ಲಿಂಕ್ ಮುಚ್ಚಿ, ಮ್ಯಾನೇಜರ್ ಹತ್ತಿರ ಹೋಗಿ ಇದ್ದಿದ್ದನ್ನು ಇದ್ದ ಹಾಗೆ ಹೇಳಿದೆ. ಬೈದರು, ಬೈಬೇಕಾದ್ದೇ. ಆಮೇಲೆ ಇಬ್ಬರೂ ಕೂತು ಆ ಕೆಲಸಗಾರರ ಮೇಸ್ತ್ರಿಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದೆವು. ನಿಮ್ಮ ಹುಡುಗರ ಖಾತೆ ನಂಬರು ಹೊರಗೆ ಹೋಗಿರಬಹುದು, ಬ್ಯಾಂಕಿನವರು ಅಂತ ಹೇಳಿಕೊಂಡು ಯಾರಾದರೂ ಓಟಿಪಿ ಕೇಳಿದರೆ ಕೊಡಬೇಡಿ ಅಂತ ಹೇಳಿ ಅಂದೆವು. ಒಬ್ಬರು ಮೇಸ್ತ್ರಿ ಕೇಳಿದರು, "ಅಲ್ಲಾ ಮೇಡಂ, ನಮ್ ಹುಡುಗರ ನಂಬರ್ ಹೊರಗೆ ಕಳಿಸುವಾಗ ನಮ್ಮನ್ನ ಯಾರಾದ್ರೂ ಕೇಳಿದ್ರಾ?"

ಉತ್ತರ ಇರಲಿಲ್ಲ. ಅರವತ್ತು ವರ್ಷಗಳ ಈ ಕಥೆಯಲ್ಲಿ ಬಾಗಿಲ ಒಳಗಿರೋನಿಗೂ ಹೊರಗಿರೋನಿಗೂ ಬೇಕಾದಷ್ಟು ಜಾಗ ಇದೆ. ಫೈಲಿನ ಒಳಗೆ ಯಾರ ಹೆಸರಿದೆಯೋ ಅವರಿಗೆ ಜಾಗ ಕಾಣಲಿಲ್ಲ. ಪಟ್ಟಿಯೋ ಕೀಲಿಯೋ ಅಂತ ತೀರ್ಮಾನ ಮಾಡೋದು ಯಾವತ್ತೂ ನಾವು, ಅದೂ ರಾತ್ರಿ ಹನ್ನೊಂದೂವರೆಗೆ, ನಿದ್ದೆಗಣ್ಣಲ್ಲಿ.

ಮೊನ್ನೆ ಸರ್ ಮತ್ತೆ ಫೋನ್ ಮಾಡಿದರು. "ತಂಗಿ, ಮತ್ ಓಪನ್ ಆಗವಲ್ದು." ಆಗಲೂ ರಾತ್ರಿ ಹತ್ತು ದಾಟಿತ್ತು. ನಾನು ಎದ್ದು ಕೂತು ದೀಪ ಹಾಕಿದೆ. "ಸರ್, ಮೊದಲು ಒಂದು ಹೇಳಿ, ಯಾವ ಹೆಸರಲ್ಲಿ ಬಂದಿದೀರಿ?"