ಘಟ್ಟದ ದಾರಿಯ ಸೌಕರ್ಯಗಳು: ನಿರ್ವಹಣೆಯ ಹೊಣೆ ಯಾರದು?

ಬಯಲುಸೀಮೆಯಿಂದ ಕರಾವಳಿಗೆ ಇಳಿಯುವ ರಸ್ತೆ ಯಾವುದೇ ಇರಲಿ, ಪಶ್ಚಿಮಘಟ್ಟವನ್ನು ದಾಟಲೇಬೇಕು. ಶಿರಾಡಿ, ಚಾರ್ಮಾಡಿ, ಆಗುಂಬೆ, ಹುಲಿಕಲ್, ಸಂಪಾಜೆ ಎಂಬ ಹೆಸರುಗಳು ಒಂದು ಕಾಲಕ್ಕೆ ಆದಷ್ಟು ಬೇಗ ಕಳೆದುಹೋದರೆ ಸಾಕು ಎನ್ನಿಸುವ ಕಷ್ಟದ ದಾರಿಗಳನ್ನು ಸೂಚಿಸುತ್ತಿದ್ದವು. ಈಗ ಆ ದಾರಿಗಳೇ ನೋಡುವ ತಾಣಗಳಾಗಿವೆ. ಮಳೆಗಾಲದ ರಜೆಯ ದಿನಗಳಲ್ಲಿ ಚಾರ್ಮಾಡಿಯ ತಿರುವುಗಳಲ್ಲಿ ವಾಹನ ನಿಲ್ಲಿಸಿ ಜಲಪಾತ ನೋಡುವವರು, ಆಗುಂಬೆಯಲ್ಲಿ ಸೂರ್ಯಾಸ್ತಕ್ಕೆ ಕಾಯುವವರು ರಸ್ತೆಯನ್ನು ಬರೀ ದಾಟುದಾರಿಯಾಗಿ ಬಳಸುತ್ತಿಲ್ಲ. ಇದಕ್ಕೆ ಮಲೆನಾಡಿನದೇ ಆದ ಇನ್ನೊಂದು ಲಕ್ಷಣವೂ ಸೇರಿಕೊಂಡಿದೆ. ಇಲ್ಲಿನ ಪ್ರವಾಸಿ ಬಹುಪಾಲು ಯಾತ್ರಿಕನೂ ಹೌದು. ಹೊರನಾಡು, ಶೃಂಗೇರಿ, ಆಗುಂಬೆ, ಉಡುಪಿ, ಕೊಲ್ಲೂರು ಒಂದೇ ಬಾಡಿಗೆ ವಾಹನದ ಒಂದೇ ಸುತ್ತಿನಲ್ಲಿ ಮುಗಿಯುತ್ತವೆ. ಕ್ಷೇತ್ರಗಳಲ್ಲಿ ಊಟ, ವಸತಿ, ನೀರಿನ ವ್ಯವಸ್ಥೆಯನ್ನು ದೇವಸ್ಥಾನಗಳು ತಲೆಮಾರುಗಳಿಂದ ನಡೆಸಿಕೊಂಡು ಬಂದಿವೆ. ಒಂದು ಕ್ಷೇತ್ರದಿಂದ ಇನ್ನೊಂದಕ್ಕೆ ಹೋಗುವ ನಡುವಿನ ದಾರಿಯಲ್ಲಿ ಮಾತ್ರ ಆ ಹೊಣೆಯನ್ನು ಹೊತ್ತವರಿಲ್ಲ. ಈ ನಡುವಿನ ದಾರಿಯೇ ಪ್ರಸ್ತುತ ಲೇಖನದ ವಿಷಯ. ಘಟ್ಟದ ಗ್ರಾಮೀಣ ರಸ್ತೆಗಳಲ್ಲಿ ಪ್ರವಾಸಿ ಸೌಕರ್ಯಗಳು ಸೋಲುವುದಕ್ಕೆ ಮೂಲ ಕಾರಣ ಕಟ್ಟಡಗಳ ಕೊರತೆಯಲ್ಲ, ನಿತ್ಯದ ನಿರ್ವಹಣೆಗೆ ಹಣವನ್ನೂ ಹೊಣೆಗಾರರನ್ನೂ ಗೊತ್ತುಮಾಡದಿರುವುದು. ಶೌಚಾಲಯ, ಕುಡಿಯುವ ನೀರು, ವಾಹನ ನಿಲ್ದಾಣ, ಕಸದ ವಿಲೇವಾರಿಗಳನ್ನು ರಸ್ತೆಯ ಅಂಗವೆಂದೇ ಎಣಿಸಿ, ಘಟ್ಟದ ಬಾಯಿಯಲ್ಲಿರುವ ಊರುಗಳಲ್ಲಿ ಸ್ಥಾಪಿಸಿ, ಅವುಗಳ ಖರ್ಚಿಗೆ ಬತ್ತದ ಆದಾಯವೊಂದನ್ನು ಕಟ್ಟಿಕೊಡಬೇಕೆಂಬುದು ಇಲ್ಲಿನ ವಾದ.

ಘಟ್ಟದ ರಸ್ತೆಯೊಂದರ ಆಡಳಿತವನ್ನು ಬಿಡಿಸಿ ನೋಡಿದರೆ ತೊಡಕು ಎಲ್ಲಿದೆಯೆಂದು ತಿಳಿಯುತ್ತದೆ. ರಸ್ತೆ ಲೋಕೋಪಯೋಗಿ ಇಲಾಖೆಯದು ಅಥವಾ ರಾಷ್ಟ್ರೀಯ ಹೆದ್ದಾರಿಯದು. ಅದರ ಇಕ್ಕೆಲದ ನೆಲ ಬಹುತೇಕ ಅರಣ್ಯ ಇಲಾಖೆಯದು. ಆಗುಂಬೆ ಇಳಿದರೆ ಸೋಮೇಶ್ವರ ವನ್ಯಜೀವಿಧಾಮ, ಶೃಂಗೇರಿಯಿಂದ ಕಾರ್ಕಳದ ಕಡೆಗೆ ಹೊರಟರೆ ಕುದುರೆಮುಖ ರಾಷ್ಟ್ರೀಯ ಉದ್ಯಾನ. ತಾಣಗಳ ಪ್ರಚಾರ ಪ್ರವಾಸೋದ್ಯಮ ಇಲಾಖೆಯ ಕೆಲಸ. ಬಿದ್ದ ಕಸವನ್ನು ಎತ್ತಬೇಕಾದದ್ದು ಗ್ರಾಮ ಪಂಚಾಯಿತಿ. ಪ್ರವಾಸಿಗನಿಂದ ಹುಟ್ಟುವ ಹಣ ಇಂಧನ ತೆರಿಗೆಯಾಗಿ, ಟೋಲ್ ಆಗಿ, ಪ್ರವೇಶ ಶುಲ್ಕವಾಗಿ, ಜಿಎಸ್‌ಟಿಯಾಗಿ ಬೇರೆ ಬೇರೆ ಖಜಾನೆಗಳನ್ನು ಸೇರುತ್ತದೆ. ಪಂಚಾಯಿತಿಯ ಲೆಕ್ಕಕ್ಕೆ ಬರುವುದರಲ್ಲಿ ಹೆಚ್ಚಿನದು ಅವನು ಬಿಟ್ಟುಹೋದ ಬಾಟಲಿಗಳೇ. ಇಂಥ ಏರ್ಪಾಟಿನಲ್ಲಿ ಶೌಚಾಲಯವೊಂದನ್ನು ಕಟ್ಟಿಸುವುದು ಸುಲಭ, ಏಕೆಂದರೆ ಕಾಮಗಾರಿಗೆ ಅನುದಾನವಿದೆ, ಟೆಂಡರ್ ಇದೆ, ಉದ್ಘಾಟನೆಯಿದೆ. ಮರುವರ್ಷದ ನೀರಿನ ಪಂಪು, ಕೆಲಸಗಾರರ ಸಂಬಳ, ಒಡೆದ ನಲ್ಲಿ, ತುಂಬಿದ ಗುಂಡಿ ಯಾವ ಲೆಕ್ಕಶೀರ್ಷಿಕೆಗೂ ಸೇರುವುದಿಲ್ಲ. ಕಟ್ಟಡ ಹಸ್ತಾಂತರವಾಗಿ ಕೆಲವೇ ಕಾಲಕ್ಕೆ ಬೀಗ ಬೀಳುತ್ತದೆ. ಬೀಗ ಹಾಕಿದ ಶೌಚಾಲಯದಿಂದ ಹೆಚ್ಚು ಕಷ್ಟಪಡುವವರು ಹೆಂಗಸರು. ದಾರಿಯಲ್ಲಿ ತೊಂದರೆಯಾದೀತೆಂದು ನೀರನ್ನೇ ಕುಡಿಯದೆ ಪ್ರಯಾಣ ಮಾಡುವ ಅಭ್ಯಾಸವನ್ನು ಅವರು ಬೆಳೆಸಿಕೊಂಡಿದ್ದಾರೆ. ಮಧುಮೇಹಿಗಳು, ವೃದ್ಧರು, ಚಿಕ್ಕಮಕ್ಕಳನ್ನು ಕರೆದೊಯ್ಯುವವರು ಅದೇ ಸಾಲಿನವರು. ಇದನ್ನು ಬರಿಯ ಅನನುಕೂಲವೆಂದು ಕರೆಯುವುದು ಸಾಲದು. ಸಾರ್ವಜನಿಕ ರಸ್ತೆಯನ್ನು ಬಳಸುವ ಹಕ್ಕು ಕೆಲವರಿಗೆ ಮೊಟಕಾಗಿದೆ ಎಂದೇ ಹೇಳಬೇಕು.

ನಮ್ಮ ಹಿಂದಿನವರು ಈ ಪ್ರಶ್ನೆಯನ್ನು ಚೆನ್ನಾಗಿ ಅರಿತಿದ್ದರು. ದಾರಿಹೋಕರಿಗೆ ಬಾವಿ, ನೆರಳು ಒದಗಿಸಿದ್ದನ್ನು ಅಶೋಕನ ಶಾಸನಗಳು ರಾಜನ ಕೆಲಸವೆಂದು ಹೇಳಿಕೊಂಡಿವೆ. ಕನ್ನಡ ನಾಡಿನ ಶಾಸನಗಳು ಅದಕ್ಕಿಂತ ಒಂದು ಹೆಜ್ಜೆ ಮುಂದಿವೆ. ಅರವಟ್ಟಿಗೆಗೆ, ಸತ್ರಕ್ಕೆ, ಕೆರೆಗೆ ದತ್ತಿ ಬಿಟ್ಟದ್ದನ್ನು ದಾಖಲಿಸುವಾಗ ಅವು ಕಟ್ಟಿಸಿದ ಪುಣ್ಯವನ್ನು ಹೊಗಳುವಲ್ಲಿಗೆ ನಿಲ್ಲುವುದಿಲ್ಲ. ಎಷ್ಟು ಭೂಮಿ, ಅದರ ಎಲ್ಲೆ ಯಾವುದು, ಅದರ ಹುಟ್ಟುವಳಿ ಯಾವ ಕೆಲಸಕ್ಕೆ ಸಲ್ಲಬೇಕು ಎಂಬುದನ್ನು ಹೇಳುತ್ತವೆ. ಕೆರೆಯ ದುರಸ್ತಿಗಾಗಿ ಬಿಟ್ಟ ಬಿತ್ತುವಟ್ಟ, ಕಟ್ಟುಕೊಡಗೆಗಳ ತರ್ಕವೂ ಇದೇ. ಬೇಸಗೆಯಲ್ಲಿ ನೀರು ಹೊತ್ತು ತಂದು ಕೊಡುವವನ ಜೀವನಕ್ಕೆ ದಾರಿ ಮಾಡದಿದ್ದರೆ ಅರವಟ್ಟಿಗೆ ನಾಲ್ಕು ಕಂಬದ ಚಪ್ಪರವಾಗಿ ಉಳಿದೀತೆಂಬ ತಿಳಿವಳಿಕೆ ಆ ದತ್ತಿಗಳ ಹಿಂದಿದೆ. ಆ ವ್ಯವಸ್ಥೆಯನ್ನು ಆದರ್ಶವೆಂದು ಎತ್ತಿ ಹಿಡಿಯುವುದು ತಪ್ಪಾದೀತು. ಅರವಟ್ಟಿಗೆಯ ನೀರು ಎಲ್ಲ ಜಾತಿಯವರಿಗೂ ಒಂದೇ ಬಗೆಯಲ್ಲಿ ಸಿಗುತ್ತಿರಲಿಲ್ಲ; ಛತ್ರಗಳಲ್ಲಿ ಪಂಕ್ತಿಭೇದವಿತ್ತು. ಆ ಕಾರಣಕ್ಕೇ ಇಂದಿನ ಸೌಕರ್ಯ ಧರ್ಮವಂತರ ದಾನವಾಗಿರದೆ ಸರ್ಕಾರದ ಕರ್ತವ್ಯವಾಗಿರಬೇಕು. ಆದರೆ ನಿರಂತರ ಖರ್ಚಿಗೆ ನಿರಂತರ ಆದಾಯವನ್ನು ಜೋಡಿಸುವ ಆ ಹಳೆಯ ಸೂತ್ರವನ್ನು ನಮ್ಮ ಇಲಾಖೆಗಳು ಮರೆತಿವೆ.

ಆ ಸೂತ್ರವನ್ನು ಆಧುನಿಕ ಆಡಳಿತದಲ್ಲಿ ಅಳವಡಿಸಿದ ಉದಾಹರಣೆಗಳಲ್ಲಿ ಜಪಾನಿನ ‘ಮಿಚಿ ನೊ ಎಕಿ’ ಅತ್ಯಂತ ವಿಚಾರಯೋಗ್ಯ. ರಸ್ತೆಬದಿಯ ನಿಲ್ದಾಣಗಳ ಈ ಯೋಜನೆ 1993ರಲ್ಲಿ 103 ನಿಲ್ದಾಣಗಳ ನೋಂದಣಿಯೊಂದಿಗೆ ಆರಂಭವಾಯಿತು. ಈಗ ಅವುಗಳ ಸಂಖ್ಯೆ 1,200 ದಾಟಿದೆ. ನೋಂದಣಿಗೆ ಷರತ್ತುಗಳಿವೆ. ವಾಹನ ನಿಲುಗಡೆ ಮತ್ತು ಶೌಚಾಲಯ ದಿನದ 24 ಗಂಟೆಯೂ ತೆರೆದಿದ್ದು ಉಚಿತವಾಗಿರಬೇಕು. ರಸ್ತೆಯ ಹಾಗೂ ಸುತ್ತಲಿನ ಪ್ರದೇಶದ ಮಾಹಿತಿ ಸಿಗಬೇಕು. ಸ್ಥಳೀಯರಿಗೆ ಉಪಯೋಗವಾಗುವ ಚಟುವಟಿಕೆಯೊಂದು ಅಲ್ಲಿರಬೇಕು. ಬಹಳ ಕಡೆ ಈ ಚಟುವಟಿಕೆ ಸುತ್ತಲಿನ ರೈತರ ತರಕಾರಿ, ಹಣ್ಣು, ತಿನಿಸುಗಳ ಮಾರಾಟ. ನಮ್ಮ ಚರ್ಚೆಗೆ ಮುಖ್ಯವಾದದ್ದು ಹೊಣೆಯ ಹಂಚಿಕೆ. ರಸ್ತೆಯ ಆಡಳಿತವೂ ಸ್ಥಳೀಯ ಪೌರಾಡಳಿತವೂ ಕೂಡಿ ಕಟ್ಟುವ ನಿಲ್ದಾಣಗಳಲ್ಲಿ ನಿಲುಗಡೆ, ಶೌಚಾಲಯ, ಮಾಹಿತಿ ಕೇಂದ್ರಗಳನ್ನು ರಸ್ತೆಯ ಆಡಳಿತ ಕಟ್ಟುತ್ತದೆ. ಮಾರುಕಟ್ಟೆ, ಉಪಾಹಾರದ ಭಾಗ ಸ್ಥಳೀಯ ಪೌರಾಡಳಿತದ್ದು. ಈ ನಿಲ್ದಾಣಗಳೆಲ್ಲ ಲಾಭದಲ್ಲಿವೆಯೆಂದಲ್ಲ, ಕೆಲವು ಸ್ಥಳೀಯ ಆಡಳಿತದ ಹಣದಿಂದಲೇ ಉಳಿದಿವೆ. ಆದರೂ ನಲ್ಲಿ ಕೆಟ್ಟರೆ ಯಾರನ್ನು ಕೇಳಬೇಕೆಂಬ ಗೊಂದಲ ಅಲ್ಲಿಲ್ಲ.

ನಾರ್ವೆಯ 18 ರಾಷ್ಟ್ರೀಯ ಪ್ರವಾಸಿ ರಸ್ತೆಗಳನ್ನು ವಾಸ್ತುಶಿಲ್ಪಿಗಳು ಹೊಗಳುವುದು ಅವುಗಳ ಚೆಲುವಾದ ಕಟ್ಟೆಗಳಿಗಾಗಿ, ವೀಕ್ಷಣಾ ತಾಣಗಳಿಗಾಗಿ. ಅಷ್ಟು ಖರ್ಚಿನ ಶೌಚಾಲಯಗಳು ನಮಗೆ ಬೇಡ. ಗಮನಿಸಬೇಕಾದದ್ದು ಅವುಗಳ ಹೊಣೆ ರಸ್ತೆ ಇಲಾಖೆಯದೇ ಆಗಿರುವುದನ್ನು. ಸ್ಕಾಟ್ಲೆಂಡಿನ ಅನುಭವ ಇದಕ್ಕೆ ವಿರುದ್ಧವಾದದ್ದು. 2015ರಲ್ಲಿ ಉತ್ತರದ ಹೈಲ್ಯಾಂಡ್ಸ್ ಸುತ್ತುವ, 800 ಕಿಲೋಮೀಟರಿಗೂ ಉದ್ದದ ‘ನಾರ್ತ್ ಕೋಸ್ಟ್ 500’ ಮಾರ್ಗವನ್ನು ಪ್ರಚಾರಕ್ಕೆ ಬಿಡಲಾಯಿತು. ದಾರಿ ಹಳೆಯದೇ, ಹೆಸರು ಮಾತ್ರ ಹೊಸದು. ಹೆಸರಿನ ಬಲದಿಂದ ವಾಹನಗಳು ಬಂದವು, ಒಂಟಿಪಥದ ರಸ್ತೆಗಳು ಕಟ್ಟಿಕೊಂಡವು, ಕೊಳಚೆಯ ವಿಲೇವಾರಿ ಊರವರ ತಲೆನೋವಾಯಿತು. ಅಲ್ಲಿ ಸಾರ್ವಜನಿಕ ಶೌಚಾಲಯ ಒದಗಿಸಲೇಬೇಕೆಂಬ ಕಾನೂನಿನ ಕಟ್ಟು ಸ್ಥಳೀಯ ಆಡಳಿತಕ್ಕಿಲ್ಲ. ಹೀಗಾಗಿ 2018ರಲ್ಲಿ ಆ ಪ್ರದೇಶದ ಆಡಳಿತವಾದ ಹೈಲ್ಯಾಂಡ್ ಕೌನ್ಸಿಲ್ ಹಣದ ಅಭಾವದಿಂದ ಹಲವು ಶೌಚಾಲಯಗಳನ್ನು ಮುಚ್ಚುವ ಪ್ರಸ್ತಾಪ ತಂದು ಜನರ ವಿರೋಧ ಎದುರಿಸಿತು. ಅದೇ ವರ್ಷ ಸ್ಕಾಟ್ಲೆಂಡ್ ಸರ್ಕಾರ ಗ್ರಾಮೀಣ ಪ್ರವಾಸಿ ಸೌಕರ್ಯಗಳಿಗಾಗಿ ಪ್ರತ್ಯೇಕ ನಿಧಿ ತೆರೆಯಿತು. ಪ್ರಚಾರ ಮೊದಲಾಗಿ ಸೌಕರ್ಯ ಹಿಂದುಳಿದಾಗ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗುವುದು ಕಷ್ಟ. ಚಾರಣದ ಹಾದಿಗಳನ್ನೂ ಜಲಪಾತಗಳನ್ನೂ ಒಂದೊಂದಾಗಿ ಜಾಹೀರಾತಿಗೆ ತರುತ್ತಿರುವ ನಮಗೆ ಇದು ದೂರದ ಸುದ್ದಿಯಲ್ಲ.

ಸೌಕರ್ಯ ಎಲ್ಲಿರಬೇಕು ಎಂಬುದು ಮುಂದಿನ ಪ್ರಶ್ನೆ. ನೋಟ ಎಲ್ಲಿದೆಯೋ ಅಲ್ಲೇ ಶೌಚಾಲಯ ಇರಬೇಕೆಂಬುದು ರೂಢಿಯ ಆಲೋಚನೆ. ಘಟ್ಟದ ಭೂಗುಣ ಇದಕ್ಕೆ ಒಪ್ಪುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ನೆಲದಲ್ಲಿ ಜಲ ಮೇಲೆದ್ದಿರುವ ಆ ತಿಂಗಳುಗಳಲ್ಲಿ ಇಂಗುಗುಂಡಿ ಇಂಗಿಸುವುದಿಲ್ಲ, ತುಂಬಿ ಹೊರಚೆಲ್ಲುತ್ತದೆ. ಹರಿದದ್ದು ಸೇರುವುದು ಕೆಳಗಿನ ಹಳ್ಳವನ್ನು. ಮಲೆನಾಡಿನ ಮನೆಗಳಲ್ಲಿ ಅಬ್ಬಿಯ ನೀರನ್ನು ಪೈಪಿನಲ್ಲಿ ಇಳಿಸಿಕೊಂಡು ನೇರವಾಗಿ ಕುಡಿಯುವ ರೂಢಿ ಇನ್ನೂ ಇದೆ. ತುಂಗಾ, ಭದ್ರಾ, ನೇತ್ರಾವತಿ, ಕಾವೇರಿಗಳೆಲ್ಲ ಇದೇ ಘಟ್ಟದ ನೆತ್ತಿಯಿಂದ ಹುಟ್ಟುತ್ತವೆ. ಪಶ್ಚಿಮಘಟ್ಟದ 39 ತಾಣಗಳನ್ನು ಯುನೆಸ್ಕೊ 2012ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಕರ್ನಾಟಕದ 10 ತಾಣಗಳಲ್ಲಿ ಆಗುಂಬೆ, ಸೋಮೇಶ್ವರ, ಕುದುರೆಮುಖಗಳೂ ಇದ್ದವು. ಇಂಥ ಕಾಡಿನೊಳಗೆ ಕಾಂಕ್ರೀಟು ತರುವುದಕ್ಕೆ ಅರಣ್ಯ ಕಾನೂನು ಒಡ್ಡುವ ತಡೆ ಸಕಾರಣವಾದದ್ದು. ಇನ್ನೊಂದು ವಿಚಾರವೂ ಇದೆ. ಸುರಕ್ಷತಾ ಸಾಧನಗಳಿಲ್ಲದೆ ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯರನ್ನು ಇಳಿಸುವುದನ್ನು ಮಲಹೊರುವ ಪದ್ಧತಿಯ ವಿರುದ್ಧದ 2013ರ ಕಾಯಿದೆ ನಿಷೇಧಿಸಿದೆ. ಗುಂಡಿ ಬರಿದು ಮಾಡಲು ಸಕ್ಕಿಂಗ್ ಯಂತ್ರದ ಲಾರಿಯೇ ಬರಬೇಕು. ಅದು ಬರಲಾಗದ ಕಡೆ ಶೌಚಾಲಯ ಕಟ್ಟುವುದೆಂದರೆ ಮುಂದೊಂದು ದಿನ ಕಾನೂನು ಮೀರಿ ಯಾರನ್ನೋ ಅದರೊಳಗೆ ಇಳಿಸಲು ಈಗಲೇ ದಾರಿ ಮಾಡಿಕೊಟ್ಟಂತೆ. ಹೀಗಾಗಿ ಸೌಕರ್ಯಗಳ ಜಾಗ ಘಟ್ಟದ ಮೇಲಿನ ಮತ್ತು ಕೆಳಗಿನ ಊರುಗಳು. ಚಾರ್ಮಾಡಿಗೆ ಮೇಲೆ ಕೊಟ್ಟಿಗೆಹಾರ, ಕೆಳಗೆ ಚಾರ್ಮಾಡಿ ಊರು. ಆಗುಂಬೆಗೆ ಮೇಲೆ ಆಗುಂಬೆ ಪೇಟೆ, ಕೆಳಗೆ ಸೋಮೇಶ್ವರ, ಹೆಬ್ರಿ. ಶಿರಾಡಿಗೆ ಸಕಲೇಶಪುರ ಮತ್ತು ಗುಂಡ್ಯ. ಇಲ್ಲಿ ವಿದ್ಯುತ್ತಿದೆ, ನೀರಿದೆ, ಬಸ್ಸು ನಿಲ್ಲುತ್ತದೆ, ಕೆಲಸಕ್ಕೆ ಜನ ಸಿಗುತ್ತಾರೆ. ಕೊಟ್ಟಿಗೆಹಾರದ ನೀರುದೋಸೆ ಹೆಸರಾದದ್ದು ಪ್ರಯಾಣಿಕ ಸಹಜವಾಗಿ ನಿಲ್ಲುವ ಜಾಗ ಅದಾದುದರಿಂದಲೇ. ಮುಂದಿನ ಶೌಚಾಲಯ ಎಷ್ಟು ದೂರದಲ್ಲಿದೆಯೆಂದು ಸ್ಪಷ್ಟ ಫಲಕ ಹೇಳಿದರೆ ಘಟ್ಟದೊಳಗೆ ಏನನ್ನೂ ಕಟ್ಟಬೇಕಾಗಿಲ್ಲ.

ಸೌಕರ್ಯ ಹೆಚ್ಚಿದಷ್ಟೂ ಜನ ಹೆಚ್ಚುತ್ತಾರೆ, ಸೂಕ್ಷ್ಮವಾದ ಘಟ್ಟ ಅದನ್ನು ತಾಳದು ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಮಾಧವ ಗಾಡ್ಗೀಳರ ನೇತೃತ್ವದ ಪಶ್ಚಿಮಘಟ್ಟ ಸಮಿತಿ 2011ರಲ್ಲಿ ವರದಿ ಕೊಟ್ಟ ದಿನದಿಂದ ಈ ಆತಂಕ ನಮ್ಮ ಮುಂದಿದೆ. ಆದರೆ ಸೌಕರ್ಯವಿಲ್ಲದ ಘಟ್ಟಗಳಿಗೂ ಜನ ಬಂದಿದ್ದಾರೆ, ಬರುತ್ತಲೇ ಇದ್ದಾರೆ. ಶೌಚಾಲಯ ಇಲ್ಲದಿರುವುದು ಯಾರನ್ನೂ ತಡೆದಿಲ್ಲ, ಹಳ್ಳದ ಬದಿಯನ್ನು ಮಲಿನ ಮಾಡಿದೆ ಅಷ್ಟೆ. ಜನರ ಸಂಖ್ಯೆಯನ್ನು ಮಿತಗೊಳಿಸಲು ಬೇರೆ ಸಾಧನಗಳಿವೆ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ ತಿಂಗಳಲ್ಲಿ ಊಟಿ, ಕೊಡೈಕನಾಲ್‌ಗಳಿಗೆ ಇ-ಪಾಸ್ ಜಾರಿಗೆ ಬಂತು. ಊಟಿ ಇರುವ ನೀಲಗಿರಿಯಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿಯನ್ನು ನಿಷೇಧಿಸಿದಾಗ ರಸ್ತೆಗಳಲ್ಲಿ ನೀರಿನ ಎಟಿಎಂಗಳನ್ನು ಇಡಬೇಕಾಯಿತು. ಬಾಯಾರಿದವನಿಗೆ ನೀರು ಕೊಡದೆ ಬಾಟಲಿ ತರಬೇಡವೆಂದು ಹೇಳುವ ನೈತಿಕ ಅಧಿಕಾರ ಸರ್ಕಾರಕ್ಕಿರುವುದಿಲ್ಲ. ನಿಯಂತ್ರಣವೂ ಸೌಕರ್ಯವೂ ಒಂದಕ್ಕೊಂದು ಎದುರಾಳಿಗಳೆಂದು ಭಾವಿಸಿದ್ದರಿಂದಲೇ ಎರಡೂ ಅರೆಬರೆಯಾಗಿ ಉಳಿದಿವೆ.

ಹೋಟೆಲು, ಪೆಟ್ರೋಲ್ ಬಂಕುಗಳಲ್ಲಿ ಶೌಚಾಲಯ ಇದ್ದೇ ಇದೆ, ಸರ್ಕಾರ ಯಾಕೆ ತಲೆಹಾಕಬೇಕು ಎನ್ನುವವರೂ ಇದ್ದಾರೆ. ಕಾರಿನಲ್ಲಿ ಬಂದು ಊಟ ಮಾಡುವವರಿಗೆ ಈ ಮಾತು ಸರಿ. ಸರ್ಕಾರಿ ಬಸ್ಸಿನಿಂದ ಇಳಿದು ಹತ್ತು ನಿಮಿಷ ನಿಲ್ಲುವ ಹೆಂಗಸಿಗೆ, ತೋಟದ ಕೆಲಸಕ್ಕೆ ಪಿಕಪ್ಪಿನಲ್ಲಿ ಹೋಗುವ ಕೂಲಿಯವರಿಗೆ, ಲಾರಿ ಚಾಲಕರಿಗೆ ಏನನ್ನೂ ಕೊಳ್ಳದೆ ಒಳಗೆ ಹೋಗುವ ಧೈರ್ಯ ಇರುವುದಿಲ್ಲ. ಆದರೂ ಈ ಸಲಹೆಯಲ್ಲಿ ತಿರುಳಿದೆ. ಹೈಲ್ಯಾಂಡ್ ಕೌನ್ಸಿಲ್ ಅಂಗಡಿ, ಹೋಟೆಲುಗಳಿಗೆ ಹಣ ಕೊಟ್ಟು, ಯಾರು ಬೇಕಾದರೂ ಅವುಗಳ ಶೌಚಾಲಯ ಬಳಸುವಂತೆ ಮಾಡಿದೆ. ಹೊಸ ಕಟ್ಟಡದ ಗೊಡವೆಯೇ ಇಲ್ಲದ ಈ ಕ್ರಮ ಕಡಿಮೆ ಓಡಾಟದ ಹುಲಿಕಲ್‌ನಂಥ ದಾರಿಗೆ ಚೆನ್ನಾಗಿ ಹೊಂದೀತು.

ಇಲ್ಲಿಗೆ ಹಣದ ಪ್ರಶ್ನೆ ಎದುರಾಗುತ್ತದೆ. ತನ್ನೂರಿನ ಚರಂಡಿಗೇ ಹಣವಿಲ್ಲದ ಪಂಚಾಯಿತಿ ಬೆಂಗಳೂರಿನವರ ಶೌಚಾಲಯ ತೊಳೆಸಬೇಕೇ? ಬೇಕಿಲ್ಲ, ಅದರ ಸ್ವಂತ ಹಣದಿಂದಂತೂ ಖಂಡಿತ ಬೇಕಿಲ್ಲ. 1993ರ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮದಲ್ಲಿ ಇದಕ್ಕೊಂದು ಎಳೆ ಸಿಗುತ್ತದೆ. ಜಾತ್ರೆ, ಉತ್ಸವಗಳಿಗೆ ಬರುವವರಿಗೆ ನೀರು, ಆರೋಗ್ಯ, ನೈರ್ಮಲ್ಯದ ಏರ್ಪಾಟು ಮಾಡುವ ಪಂಚಾಯಿತಿ ಅವರಿಂದ ಯಾತ್ರಿಕ ಶುಲ್ಕ ಪಡೆಯಬಹುದು. ಪ್ರಯಾಣಿಕರಿಗೆ ತಕ್ಕ ಸೌಕರ್ಯ ಒದಗಿಸಿದರೆ ಬಸ್ಸು, ಟ್ಯಾಕ್ಸಿ ನಿಲ್ದಾಣಗಳಿಗೆ ಶುಲ್ಕ ಹಾಕಬಹುದು. ಶುಲ್ಕಕ್ಕೂ ಸೇವೆಗೂ ಇರುವ ನಂಟನ್ನು ಕಾಯಿದೆ ಮೊದಲೇ ಒಪ್ಪಿಕೊಂಡಿದೆ. ಜಾತ್ರೆ ವರ್ಷಕ್ಕೊಮ್ಮೆ ಬಂದರೆ ಪ್ರವಾಸಿಗರ ಜಾತ್ರೆ ವಾರಕ್ಕೊಮ್ಮೆ ನೆರೆಯುತ್ತಿದೆ. ಆ ಅಧಿಕಾರವನ್ನು ಘಟ್ಟದ ಊರುಗಳ ವಾಹನ ನಿಲುಗಡೆಗೂ ವಿಸ್ತರಿಸುವುದರಲ್ಲಿ ತತ್ತ್ವದ ತೊಡಕಿಲ್ಲ. ಅದರ ಜೊತೆಗೆ ಚಾರಣದ ಪ್ರವೇಶ ಶುಲ್ಕದಲ್ಲಿ ನಿಗದಿತ ಪಾಲು ಅದೇ ಪಂಚಾಯಿತಿಗೆ ಸಲ್ಲಬೇಕು. ರಸ್ತೆಯ ವಾರ್ಷಿಕ ನಿರ್ವಹಣೆಯ ಅಂದಾಜಿನಲ್ಲಿ ಮೋರಿ, ತಡೆಗೋಡೆಗಳ ಸಾಲಿನಲ್ಲೇ ಶೌಚಾಲಯವೂ ಬರಬೇಕು. ಶೌಚಾಲಯ ಬಳಸುವವರ ಕೈಯಿಂದ ಐದು, ಹತ್ತು ರೂಪಾಯಿ ವಸೂಲಿ ಮಾಡುವ ನಗರದ ಪದ್ಧತಿ ಇಲ್ಲಿ ನಿಲ್ಲುವುದಿಲ್ಲ. ನಗರದ ಬಸ್ ನಿಲ್ದಾಣದಲ್ಲಿ ದಿನವೂ ಜನವಿರುತ್ತಾರೆ; ಘಟ್ಟದ ಊರಲ್ಲಿ ಶನಿವಾರ, ಭಾನುವಾರ ನೂಕುನುಗ್ಗಲು, ಮಂಗಳವಾರ ನಾಲ್ಕು ಜನ.

ನಡೆಸುವವರು ಯಾರೆಂಬುದಕ್ಕೆ ದೂರ ಹುಡುಕಬೇಕಾಗಿಲ್ಲ. ರಾಜ್ಯದ ಅನೇಕ ಪಂಚಾಯಿತಿಗಳಲ್ಲಿ ಒಣಕಸದ ಕೆಲಸವನ್ನು ಸ್ವಸಹಾಯ ಗುಂಪುಗಳ ಸಂಜೀವಿನಿ ಒಕ್ಕೂಟದ ಮಹಿಳೆಯರು ಒಪ್ಪಂದದ ಮೇಲೆ ನಡೆಸುತ್ತಿದ್ದಾರೆ, ಕಸ ಸಾಗಿಸುವ ಸ್ವಚ್ಛವಾಹಿನಿಯನ್ನು ಅವರೇ ಓಡಿಸುತ್ತಾರೆ. ಕಾರ್ಕಳ ತಾಲ್ಲೂಕಿನ ನಿಟ್ಟೆಯ ಘಟಕ ಸುತ್ತಲಿನ ಹಲವು ಪಂಚಾಯಿತಿಗಳ ಒಣಕಸವನ್ನು ಒಂದೆಡೆ ಬೇರ್ಪಡಿಸುತ್ತಿದೆ. ದಾರಿಬದಿಯ ಸೌಕರ್ಯವನ್ನು ಇಂಥ ಒಕ್ಕೂಟಕ್ಕೆ ವಹಿಸಿ, ಪಕ್ಕದಲ್ಲೇ ಜೇನು, ಕಾಫಿಪುಡಿ, ಉಪ್ಪಿನಕಾಯಿ ಮಾರಲು ಮಳಿಗೆ ಕೊಡಬಹುದು. ಆದರೆ ಮಾರಾಟದ ಲಾಭದಿಂದಲೇ ಸಂಬಳ ಹುಟ್ಟಲಿ ಎಂದು ಬಿಟ್ಟರೆ ಹಳೆಯ ತಪ್ಪು ಮತ್ತೆ ಆಗುತ್ತದೆ. ಮಳೆಗಾಲದಲ್ಲಿ ಘಟ್ಟದ ದಾರಿಯೇ ಮುಚ್ಚುವುದುಂಟು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಕಡಿದುಹೋಯಿತು. 2019ರಲ್ಲಿ ಚಾರ್ಮಾಡಿ ಮುಚ್ಚಿತು. ಅಂಥ ತಿಂಗಳುಗಳಲ್ಲಿ ಪ್ರವಾಸಿಗಳಿಲ್ಲ, ಮಾರಾಟವಿಲ್ಲ. ದಾರಿಯಲ್ಲಿ ಸಿಕ್ಕಿಬಿದ್ದ ಪ್ರಯಾಣಿಕರಿಗೂ ಮನೆ ಬಿಟ್ಟು ಬಂದ ಊರವರಿಗೂ ಬೆಳಕು, ನೀರು, ಶೌಚಾಲಯ ಬೇಕಾಗುವುದು ಆಗಲೇ. 2004ರ ಚೂಎತ್ಸು ಭೂಕಂಪದಲ್ಲಿ ಜಪಾನಿನ ರಸ್ತೆ ನಿಲ್ದಾಣಗಳು ಆಸರೆಯ ತಾಣಗಳಾಗಿ ಕೆಲಸ ಮಾಡಿದ ಮೇಲೆ ಅವುಗಳ ಈ ಉಪಯೋಗಕ್ಕೆ ಅಲ್ಲಿ ಮಹತ್ತ್ವ ಬಂತು. ಆದ್ದರಿಂದ ಒಕ್ಕೂಟದ ಕೆಲಸಗಾರರ ಸಂಬಳ ವರ್ಷದ ಹನ್ನೆರಡು ತಿಂಗಳೂ ರಸ್ತೆಯ ನಿರ್ವಹಣಾ ಅನುದಾನದಿಂದಲೇ ಸಲ್ಲಬೇಕು, ದಾರಿ ಮುಚ್ಚಿದ ತಿಂಗಳುಗಳಲ್ಲಿಯೂ.