ಯಾನಾಚೆಕ್‌ನ ಸಂಗೀತದಲ್ಲಿ ಸ್ತ್ರೀಧ್ವನಿ

ಸಂಗೀತ ರಚನಕಾರನ ಬಾಳಿನ ಸ್ತ್ರೀಯರನ್ನು ‘ಸ್ಫೂರ್ತಿ’ ಎಂಬ ಒಂದೇ ಪದದಲ್ಲಿ ಅಡಗಿಸುವುದು ಚರಿತ್ರಕಾರರ ವಾಡಿಕೆ. ಚೆಕ್ ರಚನಕಾರ ಲಿಯೋಶ್ ಯಾನಾಚೆಕ್‌ನ (1854-1928) ವಿಷಯದಲ್ಲಿ ಆ ಪದ ಸಾಲದು. ಆಡುಮಾತಿನ ಏರಿಳಿತಗಳನ್ನು ಸ್ವರಲಿಪಿಯಲ್ಲಿ ಬರೆದಿಡುತ್ತಿದ್ದ ಆತನು 1903ರಲ್ಲಿ ಮರಣಶಯ್ಯೆಯಲ್ಲಿದ್ದ ಮಗಳು ಓಲ್ಗಾಳ ದನಿಯನ್ನೂ ಹಾಗೆಯೇ ದಾಖಲಿಸಿದನು. 1904ರಲ್ಲಿ ಬ್ರನೊ ನಗರದಲ್ಲಿ ರಂಗವೇರಿದ ‘ಯೆನೂಫಾ’ ಗೀತನಾಟಕವನ್ನು ಅವಳ ಸ್ಮೃತಿಗೆ ಅರ್ಪಿಸಿದನು. 1917ರಲ್ಲಿ ಪರಿಚಯವಾದ ವಿವಾಹಿತೆ ಕಮಿಲಾ ಸ್ಟೊಸ್ಲೋವಾಳಿಗೆ 700ಕ್ಕೂ ಹೆಚ್ಚು ಪತ್ರಗಳನ್ನು ಬರೆದನು. ‘ಕಾತ್ಯಾ ಕಬಾನೊವಾ’ದ (1921) ನಾಯಿಕೆಯಲ್ಲಿಯೂ ಎರಡನೆಯ ತಂತಿವಾದ್ಯ ಚತುಷ್ಕದಲ್ಲಿಯೂ (1928) ಆಕೆಯನ್ನೇ ಕಂಡನು. ಈ ಅನುರಾಗದ ನೋವನ್ನುಂಡವಳು ಪತ್ನಿ ಜ್ದೆಂಕಾ. ಆಕೆಯೂ ತನ್ನ ನೆನಪುಗಳನ್ನು ಹೇಳಿ ಬರೆಸಿದಳು. ಅವನ್ನು ಪಕ್ಕಕ್ಕಿರಿಸಿ, ಪತ್ರಗಳನ್ನಷ್ಟೇ ಆಧರಿಸಿದರೆ ಈ ಸಂಗೀತದ ಚರಿತ್ರೆ ಏಕಪಕ್ಷೀಯವಾಗುತ್ತದೆ.