ಮದುವೆಯ ಆಲ್ಬಮ್: ಸ್ಟುಡಿಯೋದಿಂದ ಊಟದ ಮೇಜಿಗೆ

ನಾವು ನೆಲೆಸಿರುವ ಮಾರಿಸ್‌ಟೌನಿನ ಸ್ಪೀಡ್‌ವೆಲ್‌ನಲ್ಲಿ ಹಳೆಯ ಕಾರ್ಖಾನೆಯ ಕಟ್ಟಡವೊಂದಿದೆ. 1838ರ ಜನವರಿಯಲ್ಲಿ ಸ್ಯಾಮ್ಯುಯೆಲ್ ಮೋರ್ಸ್ ಮತ್ತು ಆಲ್ಫ್ರೆಡ್ ವೇಲ್ ಅವರು ಅಲ್ಲಿ ಎರಡು ಮೈಲಿ ಉದ್ದದ ತಂತಿಯ ಮೂಲಕ ಸುದ್ದಿ ಕಳುಹಿಸಿ ಜನರಿಗೆ ತೋರಿಸಿದರು. ಮರುವರ್ಷ ಇದೇ ಮೋರ್ಸ್ ಪ್ಯಾರಿಸ್ಸಿನಲ್ಲಿ ಲೂಯಿ ಡಗೇರ್ ಅವರನ್ನು ಕಂಡು, ಬೆಳಕಿನಿಂದ ಚಿತ್ರ ಮೂಡಿಸುವ ಅವರ ವಿದ್ಯೆಯ ವರ್ತಮಾನವನ್ನು ಅಮೆರಿಕಕ್ಕೆ ಬರೆದು ತಿಳಿಸಿದರು. ತಂತಿ, ಛಾಯಾಚಿತ್ರ ಎರಡೂ ಒಬ್ಬರ ಆಸಕ್ತಿಯೇ ಆಗಿದ್ದರೂ, ಅವು ಒಂದುಗೂಡಿ ಮದುವೆಯ ಪುಸ್ತಕವಾಗಲು ನೂರರವತ್ತು ವರ್ಷಗಳೇ ಹಿಡಿದವು.

ನಮ್ಮ ತಾಯಂದಿರ ಕಾಲದ ಆಲ್ಬಮ್ಮನ್ನು ಓದುಗರಲ್ಲಿ ಅನೇಕರು ಬಲ್ಲರು: ಕಪ್ಪು ದಪ್ಪ ಹಾಳೆ, ಚಿತ್ರದ ಮೂಲೆಗಳಿಗೆ ಅಂಟಿನ ತ್ರಿಕೋನ, ಪುಟಗಳ ನಡುವೆ ತೆಳುವಾದ ಬೆಣ್ಣೆಕಾಗದ. ಫಿಲ್ಮ್ ದುಬಾರಿಯಾದ್ದರಿಂದ ಜೀರಿಗೆ-ಬೆಲ್ಲ, ಧಾರೆ, ಸಪ್ತಪದಿ, ಕೊನೆಗೆ ಎಲ್ಲರೂ ಸಾಲಾಗಿ ನಿಂತ ಒಂದು ಗುಂಪುಚಿತ್ರ, ಅಷ್ಟೆ. ಆಲ್ಬಮ್ ಒಂದೇ ಪ್ರತಿ. ಬಹುಮಟ್ಟಿಗೆ ಅದು ಗಂಡಿನ ಮನೆಯ ಬೀರುವಿನಲ್ಲಿ ಉಳಿಯುತ್ತಿತ್ತು. ಹೆಣ್ಣಿನ ತವರಿಗೆ ಒಂದೆರಡು ಬಿಡಿ ಚಿತ್ರಗಳು ಸಿಕ್ಕರೆ ಭಾಗ್ಯ. ಮುಂದೆ ಬಂದ ಅಂಟುಪುಟದ ಆಲ್ಬಮ್ಮುಗಳು ನೋಡಲು ಚೆಂದ, ಬಾಳಿಕೆಗೆ ಶತ್ರು. ಅಂಟು ಹಳದಿಯಾಗಿ ಚಿತ್ರವನ್ನೂ ಕೆಡಿಸಿತು.

ಹಳೆಯ ಪದ್ಧತಿಯ ಮುದ್ರಣಕ್ಕೆ ಅಚ್ಚಿನ ಫಲಕ ಬೇಕು. ಒಂದೇ ಪ್ರತಿಗಾಗಿ ಫಲಕ ಮಾಡಿಸುವುದು ಯಾರಿಗೂ ಕಟ್ಟುತ್ತಿರಲಿಲ್ಲ. 1993ರಲ್ಲಿ ಬೆನ್ನಿ ಲಾಂಡಾ ಅವರ ಇಂಡಿಗೋ ಸಂಸ್ಥೆ ಫಲಕವಿಲ್ಲದೆ, ಪ್ರತಿ ಹಾಳೆಗೂ ಹೊಸ ಚಿತ್ರ ಮೂಡಿಸಬಲ್ಲ ಬಣ್ಣದ ಮುದ್ರಣಯಂತ್ರವನ್ನು ತಂದಾಗ ಈ ತೊಡಕು ಬಿಡಿಸಿತು. 1999ರಲ್ಲಿ ಶಟರ್‌ಫ್ಲೈ, ಒಫೋಟೊ ಹುಟ್ಟಿದವು; 2002ರಲ್ಲಿ ಆ್ಯಪಲ್‌ನ ಐಫೋಟೊ ಮನೆಯಿಂದಲೇ ರಟ್ಟು ಕಟ್ಟಿದ ಪುಸ್ತಕ ತರಿಸುವ ಏರ್ಪಾಡು ಮಾಡಿತು. ಒಫೋಟೊವನ್ನು 2001ರಲ್ಲಿ ಕೊಂಡ ಕೊಡ್ಯಾಕ್, 2012ರಲ್ಲಿ ಆ ಸೇವೆಯನ್ನೇ ಮುಚ್ಚಿತು. ಚಿತ್ರಗಳನ್ನು ಅಂತರಜಾಲದಲ್ಲೇ ಬಿಟ್ಟರೆ ಸಾಕೆನ್ನುವವರು ಇದನ್ನು ನೆನೆಯಬೇಕು.

ನಮ್ಮ ಮಗಳ ಮದುವೆಯ ಎರಡು ಸಾವಿರ ಚಿತ್ರಗಳಿಂದ ನೂರನ್ನು ಊಟದ ಮೇಜಿನ ಮೇಲೆ ಕುಳಿತು ಆರಿಸಿದೆವು. ಆ ಕೆಲಸ ಸುಲಭ. ಹೆಸರು ಬರೆಯುವುದೇ ಕಷ್ಟ. ಇಂಗ್ಲಿಷಿನ 'ಆಂಟಿ' ಎಂಬ ಒಂದೇ ಮಾತಿನಲ್ಲಿ ಸೋದರತ್ತೆ, ದೊಡ್ಡಮ್ಮ, ಚಿಕ್ಕಮ್ಮ, ಪಕ್ಕದ ಮನೆಯಾಕೆ ಎಲ್ಲರೂ ಕರಗಿಹೋಗುತ್ತಾರೆ. ಧಾರೆಯೆರೆಯುವಾಗ ಮಗಳ ಹಿಂದೆ ನಿಂತ ಸೋದರಮಾವ ಯಾರೆಂದು ಮೊಮ್ಮಕ್ಕಳಿಗೆ ತಿಳಿಯಬೇಕಾದರೆ 'ಸೋದರಮಾವ' ಎಂದೇ ಬರೆದಿರಬೇಕು. 1991ರಲ್ಲೇ ಯೂನಿಕೋಡ್ ಕನ್ನಡಕ್ಕೆ ಸ್ಥಾನ ಕೊಟ್ಟಿದ್ದರೂ, ನಾವು ಬಳಸಿದ ಸೇವೆಯ ಬರಹದ ಚೌಕದಲ್ಲಿ ಒತ್ತಕ್ಷರಗಳೆಲ್ಲ ಕಳಚಿ ಬಿದ್ದವು. ಸಹಾಯವಾಣಿಯವರು ಇಂಗ್ಲಿಷಿನಲ್ಲಿ ಬರೆಯಿರಿ ಎಂದರು. ನಾವು ಬರೆಯಲಿಲ್ಲ. ಹೆಸರುಗಳನ್ನು ಬೇರೆಡೆ ಕನ್ನಡದಲ್ಲಿ ಬೆರಳಚ್ಚಿಸಿ, ಅವನ್ನೇ ಚಿತ್ರಗಳನ್ನಾಗಿ ಮಾಡಿ ಪುಟಗಳಲ್ಲಿ ಕೂರಿಸಿದೆವು. ಅಕ್ಷರಗಳು ನೆಟ್ಟಗೆ ನಿಂತವು.

ಮೂರು ಪ್ರತಿ ತರಿಸಿದೆವು: ಒಂದು ಮಗಳಿಗೆ, ಒಂದು ಬೀಗರಿಗೆ, ಒಂದು ಮೈಸೂರಿನ ನನ್ನ ಅಣ್ಣನ ಮನೆಗೆ. ಈ ಬಾರಿ ತವರಿಗೂ ಇಡೀ ಪುಸ್ತಕವೇ ಹೋಯಿತು.